ರಂಗನತಿಟ್ಟಿನ ‘ಹೊಳೆ ಕಾಡು ಚಾರಣ’ಕ್ಕೆ ದುಡ್ಡು ಕಟ್ಟುವ ಮುಂಚೆ

‘ಪ್ರವಾಹಕ್ಕೆ ಕೊಚ್ಚಿ ಹೋಗಿ ಮತ್ತೆ ಚಿಗುರಿದ ಕಾವೇರಿ ಕಾಡಿನಲ್ಲಿ ಐದು ಗಂಟೆ ಚಾರಣ’ ಅಂತ ಒಂದು ಪೋಸ್ಟರ್ ವಾಟ್ಸಾಪಿನಲ್ಲಿ ಓಡಾಡುತ್ತಿದೆ. ತಲೆಗೆ 1,400 ರೂಪಾಯಿ. ದಯವಿಟ್ಟು ಕಟ್ಟಬೇಡಿ.

ಮೈಸೂರಿನಿಂದ ಆರಕ್ಕೆ ಹೊರಡಬೇಕಿದ್ದ ಟೆಂಪೋ ಟ್ರಾವೆಲರ್ ಬಂದಿದ್ದು ಎಂಟಕ್ಕೆ. ಹನ್ನೆರಡು ಸೀಟು, ಹದಿನಾರು ಜನ. ಏಸಿ ಬರೀ ಸದ್ದು ಮಾಡುತ್ತಿತ್ತು, ಕಿಟಕಿ ತೆಗೆಯೋಣ ಅಂದರೆ ಅದೂ ಜಾಮ್. ಅರ್ಧ ಗಂಟೆಯ ದಾರಿಗೆ ಒಂದು ಕಡೆ ಟೀಗೆ ನಿಲ್ಲಿಸಿ, ಇನ್ನೊಂದು ಕಡೆ ಯಾರದೋ ರೇಷ್ಮೆ ಸೀರೆ ಅಂಗಡಿಗೆ ಇಳಿಸಿದರು. ಚಾರಣಕ್ಕೆ ಹೊರಟವರಿಗೆ ಸೀರೆ ಯಾಕೆ?

ಹೋದ ಮೇಲೆ ತಿಳಿಯಿತು, ಚಾರಣ ಅಂದರೆ ಪಕ್ಷಿಧಾಮದ ಗೇಟಿನೊಳಗಿನ ಕಾಲುದಾರಿ. ಟಿಕೆಟ್ ತಗೊಂಡ ಯಾರು ಬೇಕಾದರೂ ಅಲ್ಲಿ ನಡೆಯಬಹುದು, ಎಷ್ಟು ನಿಧಾನ ಮಾಡಿದರೂ ಒಂದೂವರೆ ಗಂಟೆ ಸಾಕು. ಪೋಸ್ಟರಿನ ಕಾಡು ಇರುವುದು ನದಿಯ ನಡುಗಡ್ಡೆಗಳಲ್ಲಿ. ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, 1640ರ ದಶಕದಲ್ಲಿ ಕಟ್ಟಿದ ಅಣೆಯಿಂದ ಆದ ಗಡ್ಡೆಗಳು ಇವು. ಪಕ್ಷಿತಜ್ಞ ಸಲೀಂ ಅಲಿ ಹೇಳಿದ ಮೇಲೆ 1940ರಲ್ಲಿ ಪಕ್ಷಿಧಾಮವಾಯಿತು. 2018, 2019ರ ನೆರೆಗೆ ಗಡ್ಡೆಗಳ ಅಂಚು ಕೊರೆದು ಹೋಗಿ, ಅರಣ್ಯ ಇಲಾಖೆ ಮರಳು ಮೂಟೆ ಜೋಡಿಸಿ ಸರಿಮಾಡಿಸಿತು. ಅಲ್ಲಿಗೆ ನಮ್ಮನ್ನು ಇಳಿಸುವುದಿಲ್ಲ, ದೋಣಿಯಿಂದಲೇ ನೋಡಬೇಕು. ಅವತ್ತು ದೋಣಿ ಬಂದ್.

ಮೈಸೂರಿನಲ್ಲಿ ಒಂದು ಹನಿ ಇಲ್ಲ, ಚುರುಚುರು ಬಿಸಿಲು. ಆದರೆ ಕೊಡಗಿನಲ್ಲಿ ಜೋರು ಮಳೆ, ಕೆಆರ್‌ಎಸ್‌ನಿಂದ ನೀರು ಬಿಟ್ಟಿದ್ದರು. ಹಾಗಾಗಿ ಜುಲೈ, ಆಗಸ್ಟಿನಲ್ಲಿ ಹೋಗುವವರು ಆಕಾಶ ನೋಡಬೇಡಿ, ಪೇಪರಿನಲ್ಲಿ ಬರುವ ಕೆಆರ್‌ಎಸ್ ಮಟ್ಟ ನೋಡಿ. ಗರಿಷ್ಠ 124.80 ಅಡಿ. ಅದರ ಹತ್ತಿರ ಬಂದು ಹೊರಹರಿವು ಜಾಸ್ತಿ ಇದ್ದರೆ ಇನ್ನೊಂದು ವಾರ ಕಾಯಿರಿ.

ದಾರಿ ಮಾತ್ರ ಚೆನ್ನಾಗಿದೆ. ಹೊಳೆಮತ್ತಿ ಮರಗಳ ನೆರಳು, ಬಿದಿರು ಮೆಳೆ, ಮರದ ತುಂಬಾ ನೇತಾಡುವ ಬಾವಲಿಗಳು. ಸೆಲ್ಫಿಗೆ ಅಂತ ನೀರಿನ ಅಂಚಿಗೆ ಇಳಿಯಬೇಡಿ, ಮೊಸಳೆಗಳಿವೆ. ಭಾನುವಾರ ಅಂತೂ ಬೇಡವೇ ಬೇಡ. ಜನರ ಕೂಗಾಟದಲ್ಲಿ ಹಕ್ಕಿ ದನಿ ಕೇಳಿಸುವುದಿಲ್ಲ, ನನಗೆ ಅಷ್ಟು ಗದ್ದಲ ಆಗಿಬರುವುದಿಲ್ಲ.

ಪ್ಯಾಕೇಜಿನ ‘ಗ್ರಾಮೀಣ ಊಟ’ ಅಂದರೆ ಆರಿದ ಪಲಾವ್. ಅದನ್ನು ಬಿಟ್ಟು ನಾವು ಮೂವರು ಆಟೋ ಹಿಡಿದು ಶ್ರೀರಂಗಪಟ್ಟಣಕ್ಕೆ ಬಂದೆವು. ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ದೂರ, ಬೋರ್ಡೇ ಇಲ್ಲದ, ನಾಲ್ಕು ಬೆಂಚಿನ ಒಂದು ಹೋಟೆಲ್. ಬಿಸಿ ಮುದ್ದೆ, ಹುರುಳಿಕಾಳಿನ ಉಪ್ಸಾರು, ಪಕ್ಕಕ್ಕೆ ಒಂದು ಚೂರು ಖಾರ, ಸಾಕಾಗುವಷ್ಟು ಅನ್ನ, ಮಜ್ಜಿಗೆ. ಎಲ್ಲ ಸೇರಿ 70 ರೂಪಾಯಿ. ಆ ಖಾರವನ್ನು ಅಂಗಡಿಯ ಪುಡಿಯಿಂದ ಮಾಡಿಲ್ಲ, ಒರಳಿನಲ್ಲಿ ಅರೆದಿದ್ದಾರೆ, ಬೆಳ್ಳುಳ್ಳಿ ಘಮ ಕೈಯಿಂದ ಸಂಜೆವರೆಗೂ ಹೋಗಲಿಲ್ಲ. ಉಪ್ಸಾರು ಎಷ್ಟು ಸಲ ಕೇಳಿದರೂ ಮುಖ ಗಂಟು ಹಾಕಲಿಲ್ಲ. ‘ಇನ್ನರ್ಧ ಮುದ್ದೆ ಹಾಕ್ಲಾ ಅಣ್ಣ?’ ಅಂತ ಅವರೇ ಬಂದು ಕೇಳಿದರು, ಅದಕ್ಕೆ ಬೇರೆ ದುಡ್ಡೂ ಹಿಡಿಯಲಿಲ್ಲ. ಮಧ್ಯಾಹ್ನ ಒಂದು ಗಂಟೆಯೊಳಗೆ ಹೋಗಿ, ಆಮೇಲೆ ಮುದ್ದೆ ಖಾಲಿ.

ನೀವೇ ಹೋಗುವುದಾದರೆ ಮೈಸೂರಿನಿಂದ ಶ್ರೀರಂಗಪಟ್ಟಣಕ್ಕೆ ಬಸ್ಸು, ಅಲ್ಲಿಂದ ಆಟೋ. ಹತ್ತುವ ಮುಂಚೆ ವಾಪಸ್ ಬರುವುದಕ್ಕೂ ಸೇರಿಸಿ ರೇಟು ಮಾತಾಡಿ, ಗೇಟಿನ ಹತ್ತಿರ ಆಟೋ ಸುಲಭಕ್ಕೆ ಸಿಗಲ್ಲ. ಮರಿಗಳಿಗೆ ಗುಟುಕು ಕೊಡುವ ಕೊಕ್ಕರೆ ನೋಡಬೇಕಾದರೆ ಬೇಸಿಗೆಯಲ್ಲಿ, ವಾರದ ಮಧ್ಯೆ, ಬೆಳಗ್ಗೆ ಗೇಟು ತೆಗೆಯುವ ಹೊತ್ತಿಗೇ ಹೋಗಿ.