ಹಾವಲ್ಲ, ಆವು

ಹಾವಿನ ಚಿತ್ರ ತೋರಿಸಿದರೆ ಹುಡುಗ ‘ಆವು’ ಅಂದ. ಹಸು ‘ಅಸು’ ಆಯಿತು, ಹೂವು ‘ಊವು’. ಬಿಎಎಸ್‌ಎಲ್‌ಪಿ (ಮಾತು ಮತ್ತು ಶ್ರವಣ ದೋಷಗಳ ಪರೀಕ್ಷೆ, ಚಿಕಿತ್ಸೆ ಕಲಿಸುವ ಪದವಿ) ಎರಡನೇ ವರ್ಷದ ವಿದ್ಯಾರ್ಥಿನಿ ಮೂರಕ್ಕೂ ‘ಹಕಾರ ಲೋಪ’ ಎಂದು ಬರೆದು, ಚಿಕಿತ್ಸೆಯ ಮೊದಲ ಗುರಿ ಅದೇ ಎಂದು ಗುರುತು ಹಾಕಿದಳು. ಅವಳು ಬಿಹಾರದವಳು. ಹುಡುಗನಿಗೆ ಐದು ವರ್ಷ, ನಂಜನಗೂಡು ಕಡೆಯ ಹಳ್ಳಿ.

ಹಾಳೆ ತಿದ್ದುವ ಮೊದಲು ಅದೇ ಚಿತ್ರಗಳನ್ನು ತಾಯಿಗೂ ತೋರಿಸಲು ಹೇಳಿದೆವು. ಆಕೆಯೂ ‘ಆವು’ ಅಂದರು. ಮನೆಮಂದಿಯೆಲ್ಲ ಆಡುವ ಮಾತು ದೋಷವಲ್ಲ; ಆ ಕಡೆಯ ಹಳ್ಳಿಗಳಲ್ಲಿ ಪದದ ಮೊದಲ ಹಕಾರ ಬಿದ್ದುಹೋಗುವುದು ಮಾಮೂಲು. ನಿಜವಾದ ತೊಂದರೆ ಹಾಳೆಯ ಕೆಳಭಾಗದಲ್ಲಿತ್ತು: ಕಾಗೆಗೆ ‘ತಾದೆ’, ಕಾಲಿಗೆ ‘ತಾಲು’. ನಾಲಗೆಯ ಹಿಂಭಾಗ ಏಳಬೇಕಾದಲ್ಲಿ ತುದಿ ಹೋಗಿ ಹಲ್ಲಿಗೆ ತಾಗುತ್ತಿತ್ತು. ತಾಯಿ ಹಾಗೆ ಹೇಳಲಿಲ್ಲ. ಗುರಿ ಕ, ಗ ಎಂದಾಯಿತು.

ಈ ವಿದ್ಯೆ ಕಲಿಸುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಅಂದರೆ ಆಯಿಷ್, ಮೈಸೂರಿನಲ್ಲಿ 1965ರಿಂದ ಇದೆ. ಈಗ ರಾಜ್ಯದ ಬೇರೆ ಕಾಲೇಜುಗಳಿಗೂ ಹೊರರಾಜ್ಯದ ವಿದ್ಯಾರ್ಥಿಗಳು ಬರುತ್ತಾರೆ. ಅವರಿಗೆ ‘ಕನ್ನಡ ಕಲಿತುಕೋ’ ಅಂದರೆ ಏನೂ ಹೇಳಿದಂತಾಗುವುದಿಲ್ಲ. ಹಿಂದಿಯವರಿಗೆ ಬೇಕಿರುವುದು ಬೆಳೆ–ಬೇಳೆ, ಕೊಡು–ಕೋಡು, ಹುಲಿ–ಹುಳಿ, ಹಲ್ಲಿ–ಹಳ್ಳಿಯಂಥ ಇಪ್ಪತ್ತು ಜೋಡಿ. ರೆಕಾರ್ಡ್ ಮಾಡಿಕೊಟ್ಟು, ಬರಹ ನೋಡದೆ ಕಿವಿಯಲ್ಲೇ ಗುರುತಿಸಲು ಬಿಡಬೇಕು. ಮಲಯಾಳಿಗಳಿಗೆ ಈ ಪಾಠ ಬೇಡ, ಹ್ರಸ್ವ ಎ, ಒ, ಳಕಾರ ಎಲ್ಲ ಅವರ ಮನೆಯಲ್ಲೇ ಇವೆ. ರೋಗಿಯನ್ನು ವಿಚಾರಿಸುವ ಮಾತು ಮಾತ್ರ ಎಲ್ಲರಿಗೂ ಕಲಿಸಬೇಕು. ‘ಕಿವಿಯಲ್ಲಿ ಸ್ರಾವವಿದೆಯೇ’ ಎಂದರೆ ಅಜ್ಜಿ ಮುಖ ನೋಡುತ್ತಾರೆ. ‘ಕಿವಿ ಸೋರುತ್ತಾ ಅಜ್ಜಿ?’ ಅಂದರೆ ಎಷ್ಟು ದಿನದಿಂದ, ಯಾವ ಕಿವಿ, ವಾಸನೆ ಇದೆಯೋ ಇಲ್ಲವೋ ಎಲ್ಲ ಹೇಳುತ್ತಾರೆ.

ಹೆಚ್ಚು ಎಚ್ಚರ ಬೇಕಿರುವುದು ಸ್ಪೀಚ್ ಆಡಿಯೊಮೆಟ್ರಿಯಲ್ಲಿ, ಅಂದರೆ ಪದಗಳನ್ನು ಕೇಳಿಸಿ ರೋಗಿ ಎಷ್ಟನ್ನು ಸರಿಯಾಗಿ ತಿರುಗಿ ಹೇಳುತ್ತಾರೆಂದು ನೋಡುವ ಪರೀಕ್ಷೆಯಲ್ಲಿ. 25 ಪದಗಳ ಪಟ್ಟಿಯಲ್ಲಿ ಒಂದೊಂದು ಪದಕ್ಕೆ ಶೇ. 4. ವಿದ್ಯಾರ್ಥಿ ಮೈಕಿನಲ್ಲಿ ‘ಹುಳಿ’ಯನ್ನು ‘ಹುಲಿ’ ಎಂದು ಓದಿದರೆ ರೋಗಿ ಕೇಳಿಸಿದ್ದನ್ನೇ ಹೇಳುತ್ತಾರೆ. ತಪ್ಪು ಅವರ ಲೆಕ್ಕಕ್ಕೆ ಬೀಳಬಹುದು. ರೋಗಿ ನಿಜವಾಗಿ ತಪ್ಪಿದಾಗ ವಿದ್ಯಾರ್ಥಿಯ ಕಿವಿಗೆ ಅದು ಗೊತ್ತಾಗದೆಯೂ ಇರಬಹುದು. ಮೂರು ಪದ ಹೀಗೆ ಹೋದರೆ ಶೇ. 12 ಹೋಯಿತು, ಶ್ರವಣಯಂತ್ರದ ನಿರ್ಧಾರವೇ ಅಲುಗಾಡುತ್ತದೆ. ಆದ್ದರಿಂದ ರೆಕಾರ್ಡ್ ಆದ ಪಟ್ಟಿಯನ್ನೇ ಬಳಸಬೇಕು. ಕನ್ನಡದ ಸಹಪಾಠಿಯೊಬ್ಬರು ಬೇರೆ ಹಾಳೆಯಲ್ಲಿ ಅಂಕ ಹಾಕಬೇಕು, ಎರಡು ಹಾಳೆ ಆಮೇಲೆ ಹೋಲಿಸಬೇಕು. ಬರೆಯಬಲ್ಲ ರೋಗಿಯಾದರೆ ಬರೆಸಿಬಿಡುವುದೇ ಒಳ್ಳೆಯದು. ಈ ವ್ಯವಸ್ಥೆ ಮಾಡದೆ ವಿದ್ಯಾರ್ಥಿಯನ್ನು ಗದರುವುದು ಅನ್ಯಾಯ.

ಅದೇ ಮಧ್ಯಾಹ್ನ ಹಿಂದಿ ಮಾತಾಡುವ ಮನೆಯ ಹುಡುಗಿ ಬಂದಳು. ಕನ್ನಡದ ಸಹಪಾಠಿ ಎಲ್ಲ ಉಚ್ಚಾರಣೆಗೂ ‘ಸರಿ’ ಹಾಕುತ್ತಾ ಹೋದ. ಬಿಹಾರದವಳು ಅವನನ್ನು ತಡೆದಳು: ಮಗು ‘ಖಾನಾ’ಕ್ಕೆ ‘ಕಾನಾ’, ‘ಘರ್’ಗೆ ‘ಗರ್’ ಅನ್ನುತ್ತಿತ್ತು. ಆಡುಮಾತಿನಲ್ಲಿ ಮಹಾಪ್ರಾಣ ಅಷ್ಟಾಗಿ ಬಳಸದ ಕಿವಿಗೆ ಅದು ದಾಟಿಹೋಗಿತ್ತು. ಚಿತ್ರದ ಕಾರ್ಡುಗಳು ಅವನ ಕೈಗೆ ಹೋದವು, ಅಂಕದ ಹಾಳೆ ಅವಳ ಕೈಗೆ ಬಂತು. ಮಗುವಿನ ತಾಯಿಯನ್ನೂ ಒಳಗೆ ಕರೆದು ಅವೇ ಚಿತ್ರಗಳನ್ನು ತೋರಿಸಬೇಕೆಂದು ಈ ಸಲ ಯಾರೂ ಅವಳಿಗೆ ಹೇಳಬೇಕಾಗಲಿಲ್ಲ.