ಒಂದು ಕುದುರೆ, ಎರಡು ಕುದುರೆ

ಪ್ಯಾರಿಸ್‌ನ ಮೂರು ದಿನಗಳ ಬಗ್ಗೆ ಬರೆಯುವುದಿಲ್ಲ. ಎಲ್ಲರೂ ನೋಡುವುದನ್ನೇ ನಾನೂ ನೋಡಿದೆ. 1895ರ ಡಿಸೆಂಬರ್ 28ರಂದು 33 ಮಂದಿ ತಲಾ ಒಂದು ಫ್ರಾಂಕ್ ಕೊಟ್ಟು, ಸಿನಿಮಾದ ಆದ್ಯರಾದ ಲ್ಯೂಮಿಯೇರ್ ಸಹೋದರರ ಚಲನಚಿತ್ರಗಳನ್ನು ನೋಡಿದ ಕಟ್ಟಡಕ್ಕೂ ಹೋಗಿದ್ದೆ. ಅಲ್ಲಿರುವುದು ಗೋಡೆಯ ಮೇಲಿನ ಒಂದು ಫಲಕ, ಒಳಗೆ ದುಬಾರಿ ಹೋಟೆಲು. ಕಾಲು ನಿಲ್ಲಲಿಲ್ಲ. ಎರಡು ಗಂಟೆ ರೈಲಿನಲ್ಲಿ ಕೂತು, ಆ ಸಹೋದರರ ಕಾರ್ಖಾನೆಯಿದ್ದ ಲಿಯೋನ್‌ಗೆ ಬಂದೆ.

ಅಲ್ಲಿ ತಂಗಿಯ ಮಗಳು ಓದುತ್ತಿದ್ದಾಳೆ. ಮರುದಿನ ಬೆಳಗ್ಗೆ ಅವಳನ್ನು ಎಬ್ಬಿಸಿ, ಮೆಟ್ರೋ ಹತ್ತಿಸಿ, ಮೊಂಪ್ಲೇಸೀರ್ ಲ್ಯೂಮಿಯೇರ್ ನಿಲ್ದಾಣದಲ್ಲಿ ಇಳಿಸಿದೆ. ಲ್ಯೂಮಿಯೇರ್ ಮ್ಯೂಸಿಯಂ ಬಾಗಿಲು ಹಾಕಿತ್ತು. ಸೋಮವಾರ! "ನೀವೇ ಎಲ್ಲ ನೋಡಿಕೊಂಡಿದ್ದೇನೆ ಎಂದಿರಲ್ಲ ದೊಡ್ಡಮ್ಮ" ಎಂದಳು. ನಾನು ನೋಡಿಕೊಂಡಿದ್ದು ಸಮಯವನ್ನು ಮಾತ್ರ, ವಾರವನ್ನಲ್ಲ. ಹೋಗುವವರು ಸೋಮವಾರ ಬಿಟ್ಟು ಹೋಗಿ, ಮಕ್ಕಳ ಮುಂದೆ ಮರ್ಯಾದೆ ಉಳಿಯುತ್ತದೆ. ಆ ದಿನವನ್ನು ಸಮಾಧಾನಕ್ಕೆಂದು ಕೊಂಡ ಗುಲಾಬಿ ಬಣ್ಣದ ಪ್ರಾಲೀನ್ ಟಾರ್ಟ್ ತಿಂದು ಕಳೆದೆವು. ಊರಿಗೆಲ್ಲ ಹೆಸರಾದ ತಿನಿಸಂತೆ. ಹಲ್ಲು ಜುಮ್ಮೆನ್ನುವಷ್ಟು ಸಿಹಿ, ಬೇರೆ ರುಚಿ ನನ್ನ ನಾಲಿಗೆಗೆ ಹತ್ತಲಿಲ್ಲ.

ಮಂಗಳವಾರ ಒಳಗೆ ಹೋದೆವು. ಮ್ಯೂಸಿಯಂ ಇರುವುದು ಸಹೋದರರ ತಂದೆ ಆಂತ್ವಾನ್ ಕಟ್ಟಿಸಿದ ಬಂಗಲೆಯಲ್ಲಿ. ಛಾಯಾಗ್ರಾಹಕನಾಗಿದ್ದವನು, ಫೋಟೋ ಪ್ಲೇಟುಗಳ ಕಾರ್ಖಾನೆಯಿಂದ ಹಣವಂತನಾದವನು. ಶೋಕಿಯೂ ಇತ್ತು ಎನ್ನುವುದಕ್ಕೆ ಆ ಮೆಟ್ಟಿಲು, ಆ ಗಾಜು ಸಾಕ್ಷಿ. ಮೊದಲ ಸಿನಿಮಾಟೋಗ್ರಾಫ್ ಯಂತ್ರವೂ ಇಲ್ಲೇ ಇದೆ. ಒಂದು ಮರದ ಪೆಟ್ಟಿಗೆ, ಪಕ್ಕದಲ್ಲಿ ತಿರುಗಿಸುವ ಹಿಡಿ, ಅಷ್ಟೇ. ಚಿತ್ರ ತೆಗೆಯುವುದು, ಪ್ರತಿ ಮಾಡುವುದು, ತೆರೆಗೆ ಬಿಡುವುದು ಮೂರೂ ಅದರದೇ ಕೆಲಸ. ಫಿಲ್ಮನ್ನು ತಡೆತಡೆದು ಎಳೆಯುವ ಉಪಾಯ ಸಹೋದರರಲ್ಲೊಬ್ಬನಾದ ಲೂಯಿಗೆ ಹೊಲಿಗೆ ಯಂತ್ರದಿಂದ ಹೊಳೆಯಿತಂತೆ. ಅಮ್ಮನ ಯಂತ್ರದಲ್ಲಿ ಬಟ್ಟೆ ಸರಿದು, ನಿಂತು, ಮತ್ತೆ ಸರಿಯುತ್ತಿದ್ದುದನ್ನು ಗಂಟೆಗಟ್ಟಲೆ ನೋಡಿ ಬೆಳೆದವಳಿಗೆ ಹೆಚ್ಚಿನ ವಿವರಣೆ ಬೇಕಾಗಲಿಲ್ಲ. ಕೈಯಲ್ಲಿ ಹಿಡಿದು ಹೊರಡಬಹುದಾದ ಇಂಥ ಪೆಟ್ಟಿಗೆಯಾಗಿದ್ದರಿಂದಲೇ 1896ರ ಜುಲೈ 7ರಷ್ಟು ಹೊತ್ತಿಗೆ ಮುಂಬಯಿಯ ವಾಟ್ಸನ್ ಹೋಟೆಲಿನಲ್ಲೂ ಆಟ ನಡೆಯಿತು. ಆಲೂಗಡ್ಡೆಯ ಪಿಷ್ಟಕ್ಕೆ ಬಣ್ಣ ಹಾಕಿ ಅವರು ಮಾಡಿದ ಬಣ್ಣದ ಫೋಟೋಗಳೂ ಇವೆ. ನನಗೆ ಸಿನಿಮಾಕ್ಕಿಂತ ಅವೇ ಚೆಂದ ಕಂಡವು.

ಆದರೆ ಮಧ್ಯಾಹ್ನವೆಲ್ಲ ಕಳೆದದ್ದು ಒಂದು ಬೆಂಚಿನ ಮೇಲೆ. ಎದುರಿನ ಪುಟ್ಟ ತೆರೆಯಲ್ಲಿ ಸಹೋದರರ ಮೊದಲ ಚಿತ್ರ, ಅವರದೇ ಕಾರ್ಖಾನೆಯಿಂದ ಕೆಲಸಗಾರರು ಹೊರಬರುವುದು, ಮತ್ತೆ ಮತ್ತೆ ಓಡುತ್ತಿತ್ತು. ಐವತ್ತು ಸೆಕೆಂಡೂ ಇಲ್ಲ. ಮೂರು ಬಾರಿ ತೆಗೆದಿದ್ದಾರೆ: ಒಂದರಲ್ಲಿ ಬಂಡಿಗೆ ಒಂದು ಕುದುರೆ, ಒಂದರಲ್ಲಿ ಎರಡು, ಒಂದರಲ್ಲಿ ಕುದುರೆಯೇ ಇಲ್ಲ. ಟೋಪಿ ಹಾಕಿದ ಹೆಂಗಸರು, ಸೈಕಲ್ ಸವಾರ, ನಾಯಿ. ಕ್ಯಾಮೆರಾ ಎದುರಿಗೇ ಇದ್ದರೂ ಅವರು ಅದನ್ನು ಕಂಡವರಂತೆ ನಡೆದುಕೊಳ್ಳುವುದಿಲ್ಲ. ಲ್ಯೂಮಿಯೇರ್ ಚಿತ್ರಗಳು ಇದ್ದದ್ದನ್ನು ಇದ್ದಂತೆ ತೋರಿಸುತ್ತವೆ ಎನ್ನುತ್ತಾರೆ; ಮೂರು ಸಲ ತೆಗೆದ ಮೇಲೆ 'ಇದ್ದದ್ದನ್ನು ಇದ್ದಂತೆ' ಎಲ್ಲಿಂದ ಬಂತು? ನಟನೆ ಮೊದಲ ಚಿತ್ರದಲ್ಲೇ ಶುರುವಾಗಿದೆ. ಒಬ್ಬಳಂತೂ ಅಗಲುವ ಮುನ್ನ ಗೆಳತಿಯ ಲಂಗವನ್ನು ಸರಕ್ಕನೆ ಎಳೆದು ಹೋಗುತ್ತಾಳೆ; ಕ್ಯಾಮೆರಾದ ಮುಂದೆ ಆ ಗೆಳತಿ ತಿರುಗಿ ಎಳೆಯುವ ಹಾಗಿಲ್ಲವಲ್ಲ!

ನಾನು ನಕ್ಕದ್ದನ್ನು ಕೇಳಿ ಪಕ್ಕದಲ್ಲಿದ್ದ ಅಜ್ಜಿ ಮಾತಿಗಿಳಿದರು. ಹುಡುಗಿ ಅನುವಾದಿಸುತ್ತಾ ಹೋದಳು. ಅಜ್ಜಿಯ ಮುತ್ತಜ್ಜಿ ಇದೇ ಕಾರ್ಖಾನೆಯಲ್ಲಿ ದುಡಿದವಳು. "ಹಾಗಾದರೆ ಇದರಲ್ಲಿ ಯಾರು?" ಎಂದೆ.

"ಅದೇ ತಿಳಿಯದು. ಅಮ್ಮ ಒಬ್ಬಳನ್ನು ತೋರಿಸುತ್ತಿದ್ದಳು, ಚಿಕ್ಕಮ್ಮ ಇನ್ನೊಬ್ಬಳನ್ನು. ಇದೇ ಕಾರಣಕ್ಕೆ ಇಬ್ಬರೂ ಒಂದು ಕ್ರಿಸ್ಮಸ್‌ನಲ್ಲಿ ಮಾತು ಬಿಟ್ಟರು."

"ನೀವು?"

"ನಾನು ವಾರಕ್ಕೊಮ್ಮೆ ಬರುತ್ತೇನೆ. ಪ್ರತಿ ವಾರ ಬೇರೆಯವಳನ್ನು ಆರಿಸಿಕೊಳ್ಳುತ್ತೇನೆ."

ಈ ವಾರ ಯಾರೆಂದು ಕೇಳಿದೆ. ಅವರು ಉತ್ತರಿಸದೆ ತೆರೆಯತ್ತ ಬೆರಳು ಚಾಚಿ ಕಾದರು. ನಾಯಿ ಬಂತು, ಸೈಕಲ್ ಬಂತು, ಹೆಂಗಸರು ಬಂದರು, ಬೆರಳು ಯಾರ ಮೇಲೆ ನಿಂತಿತೆಂದು ನೋಡುವಷ್ಟರಲ್ಲಿ ಚಿತ್ರ ಮುಗಿದಿತ್ತು. ಅಜ್ಜಿಗೆ ನಗುವೋ ನಗು.

ಆಮೇಲೆ ಅವರೇ ನಮ್ಮನ್ನು ಎದುರಿನ ಶೆಡ್‌ಗೆ ಕರೆದೊಯ್ದರು. ಕಾರ್ಖಾನೆಯಲ್ಲಿ ಉಳಿದದ್ದು ಅದೊಂದೇ. ಹಳೆಯ ಮರದ ತೊಲೆಗಳ ಕೆಳಗೆ ಈಗ ಚಿತ್ರಮಂದಿರದ ದಾರಿ. ಹೊರಗಿನ ರಸ್ತೆಯ ಹೆಸರೇ 'ಮೊದಲ ಚಿತ್ರದ ರಸ್ತೆ'. ಆ ದಿನ ಕ್ಯಾಮೆರಾ ಇಟ್ಟ ಜಾಗ ಯಾವುದಿರಬಹುದೆಂದು ಹುಡುಗಿ ಹೆಜ್ಜೆ ಅಳೆಯುತ್ತಾ ಹಿಂದೆ ಹಿಂದೆ ಸರಿದಳು, ಅಜ್ಜಿ "ಇನ್ನೂ ಸ್ವಲ್ಪ" ಎನ್ನುತ್ತಾ ಕೈ ಬೀಸಿದರು.

ಮುಚ್ಚುವ ಹೊತ್ತಿಗೆ ಹೊರಬಂದೆವು. ಅಜ್ಜಿ ಎಡಕ್ಕೆ ತಿರುಗಿದರು, ನಾವು ಮೆಟ್ರೋ ಕಡೆಗೆ ಬಲಕ್ಕೆ.