ಮಡಚುವ ಪೆಟ್ಟಿಗೆ: ಮೊದಲು ಹಿಂಜಿನ ಎತ್ತರ ನೋಡಿ

ಪೀಣ್ಯದಿಂದ ಹೊಸೂರಿಗೆ ಬಿಡಿಭಾಗ ಹೊತ್ತ ಲಾರಿ ವಾಪಸ್ ಬರುವಾಗ ಖಾಲಿ ಪೆಟ್ಟಿಗೆಗಳ ಒಳಗಿನ ಗಾಳಿಗೂ ಬಾಡಿಗೆ ಕಟ್ಟುತ್ತೇವೆ. ಮಡಚುವ ಕ್ರೇಟ್ ಬೇಕಾಗುವುದು ಅದಕ್ಕೇ.

ತಳ 600×400 ಮಿ.ಮೀ. ಇರಲಿ. 1200×1000 ಪ್ಯಾಲೆಟ್ (ಸರಕು ಪೇರಿಸುವ ಮಣೆ) ಮೇಲೆ ಒಂದು ಪದರಕ್ಕೆ ಐದು ಸಂದಿಯಿಲ್ಲದೆ ಕೂರುತ್ತವೆ. ಸರಕು ರಫ್ತಿನದಾದರೆ ಇನ್ನೊಂದು ತಕರಾರು: 20 ಅಡಿ ಕಂಟೇನರಿನ ಒಳ ಅಗಲ ಸುಮಾರು 2350 ಮಿ.ಮೀ. ಮಾತ್ರ. 1200ರ ಎರಡು ಬದಿಗಳು ಅಕ್ಕಪಕ್ಕ ಹಿಡಿಸುವುದಿಲ್ಲ. ಒಂದು ಪ್ಯಾಲೆಟ್ಟನ್ನು ತಿರುಗಿಸಿ 1200+1000 ಮಾಡಬೇಕು.

ನಿಜವಾದ ಕಷ್ಟ ಹಿಂಜಿನಲ್ಲಿ, ಅಂದರೆ ಗೋಡೆ ಮಡಚುವ ಕೀಲಿನಲ್ಲಿ. ಗೋಡೆ 280 ಮಿ.ಮೀ. ಎತ್ತರ ಎಂದುಕೊಳ್ಳಿ. 400ರ ಬದಿಯ ಗಿಡ್ಡ ಗೋಡೆಗಳೆರಡನ್ನೂ ಒಳಗೆ ಮಡಚಿದರೆ ಸೇರಿ 560, ಹಾಗಾಗಿ 600ರೊಳಗೆ ಒಂದೇ ಪದರದಲ್ಲಿ ಮಲಗುತ್ತವೆ. ಉದ್ದ ಗೋಡೆಗಳಿಗೆ ಸಿಗುವುದು 400 ಮಾತ್ರ, ಒಂದರ ಮೇಲೊಂದು ಬರಲೇಬೇಕು. ಆದ್ದರಿಂದ ಹಿಂಜುಗಳು ಮೂರು ಮಟ್ಟದಲ್ಲಿರಬೇಕು, ಪ್ರತಿ ಮಟ್ಟವೂ ಒಂದು ಗೋಡೆಯ ದಪ್ಪದಷ್ಟು ಮೇಲೆ. ಎಲ್ಲವನ್ನೂ ಒಂದೇ ಮಟ್ಟದಲ್ಲಿಟ್ಟರೆ ಕೊನೆಯ ಗೋಡೆ ಎದ್ದೇ ನಿಲ್ಲುತ್ತದೆ. ಲೋಡಿಂಗ್ ಹುಡುಗರು ಕಾಲಿಟ್ಟು ಒತ್ತುತ್ತಾರೆ, ಹಿಂಜಿನ ಕಿವಿ ಮುರಿಯುತ್ತದೆ. ತಪ್ಪು ಅವರದಲ್ಲ.

ಹಿಂಜಿನ ಪಿನ್ ಕೂರುವ ತೂತು ಮೇಲೆ-ಕೆಳಗೆ ಒಂದೆರಡು ಮಿ.ಮೀ. ಸಡಿಲವಿರಲಿ. ಆಗ ಮೇಲಿನ ಪೆಟ್ಟಿಗೆಗಳ ಭಾರ ಪಿನ್ನಿಗೆ ಬೀಳದೆ ಗೋಡೆಯಿಂದ ತಳದ ಅಂಚಿಗೆ ಇಳಿಯುತ್ತದೆ. ಹಿಂಜಿನ ಕೆಳಗೆ ನೀರು, ಮಣ್ಣು ಜಾರಿಹೋಗಲು ಕಿಂಡಿ ಬೇಕೇ ಬೇಕು. ಗೋಡೆಗಳನ್ನು ಬಿಡಿಯಾಗಿ ಬದಲಿಸುವಂತಿರಲಿ, ಒಂದು ಲಾಚ್ (ಚಿಲಕ) ಮುರಿದರೆ ಇಡೀ ಪೆಟ್ಟಿಗೆ ಗುಜರಿಗೆ ಹೋಗಬಾರದು.

ಒಟ್ಟು ಎಷ್ಟು ಪೆಟ್ಟಿಗೆ ಬೇಕೆಂಬ ಲೆಕ್ಕ ಸುಲಭ: ದಿನಕ್ಕೆ 100 ಪೆಟ್ಟಿಗೆ ಹೊರಟು, ಆರು ದಿನಕ್ಕೆ ಮರಳುವುದಾದರೆ 600, ಜೊತೆಗೆ ಕಳೆದದ್ದು-ಮುರಿದದ್ದಕ್ಕೆ 60.